ಪಕ್ಕದೂರಿನ ಪಾಪನಿವೇದನೆ

ನಾಚದೆ ಪಾಪನಿವೇದನೆ ಮಾಡಿ ಎಂದು ಊರ ಮಕ್ಕಳಿಗೆಲ್ಲ ಬೋಧಿಸುವ ಉಪದೇಶಿ ಚೌರಪ್ಪ, ಈಸ್ಟರ್ ಹತ್ತಿರ ಬಂದಾಗ ತಾನು ಮಾತ್ರ ನಾಚಿಕೊಂಡು ಪಕ್ಕದೂರಿನ ಚರ್ಚಿಗೆ ಬಸ್ಸು ಹತ್ತಿದ. ಅವನ ಪಾಪ ಅಂಥದ್ದು. ತನ್ನೂರಿನ ಫಾದರ್ ಮೂಗಿನಲ್ಲಿ ಪ್ರಸಂಗ ಮಾಡುವುದನ್ನು ಟೀ ಅಂಗಡಿಯಲ್ಲಿ ಅಣಕಿಸಿ ಊರನ್ನೇ ನಗಿಸುತ್ತಿದ್ದ. ಅದನ್ನು ಅವರ ಕಿವಿಗೇ ಹಾಕುವುದು ಹೇಗೆ?

ಪಾಪನಿವೇದನೆಯ ಗೂಡಿನಲ್ಲಿ, ಫಾದರ್ ಮುಖ ಕಾಣದಂತೆ ಅಡ್ಡವಿದ್ದ ಜಾಲರಿಯ ಮುಂದೆ ಮಂಡಿಯೂರಿದ ಮೇಲೆ ಒಂದು ಸಂಗತಿ ನೆನಪಾಯಿತು. ಹಬ್ಬದ ಹೊತ್ತಿಗೆ ಸುತ್ತಲಿನ ಫಾದರ್‌ಗಳು ಒಬ್ಬರೂರಿಗೊಬ್ಬರು ನೆರವಿಗೆ ಹೋಗುವುದು ವಾಡಿಕೆ. ಆಚೆ ಕೂತವರು ಪರಿಚಯದವರೇ ಆಗಿದ್ದರೆ? ದನಿ ಬದಲಿಸಿದರಾಯಿತು ಎಂದುಕೊಂಡ. ಆದರೆ ಆ ಬುದ್ಧಿವಂತನಿಗೆ ಬರುತ್ತಿದ್ದದ್ದು ಇನ್ನೊಂದೇ ದನಿ, ಟೀ ಅಂಗಡಿಯಲ್ಲಿ ತೆಗೆಯುತ್ತಿದ್ದದ್ದು. ಅದರಲ್ಲೇ ಶುರು ಮಾಡಿದ.

"ಫಾದರ್, ಒಬ್ಬರು ಗುರುಗಳನ್ನ ಗೇಲಿ ಮಾಡಿದೀನಿ."

"ಯಾಕೆ ಮಗನೇ?" ಆಚೆಯಿಂದ ಪಿಸುದನಿ.

"ಜನ ನಗ್ತಾರೆ ಅಂತ."

"ತುಂಬಾ ನಗ್ತಾರಾ?"

"ಹೊಟ್ಟೆ ಹಿಡ್ಕೊಂಡು, ಫಾದರ್."

ಆಮೇಲೆ ಪಾಪವಿಮೋಚನೆಯ ಪ್ರಾರ್ಥನೆ ಮುಗಿಯಿತು. ಸದ್ಯ, ಬಚಾವಾದೆ ಎಂದು ಚೌರಪ್ಪ ಏಳುತ್ತಿದ್ದ.

"ಒಂದ್ ನಿಮಿಷ, ಉಪದೇಶಿಗಳೇ," ಎಂದಿತು ಪಿಸುದನಿ. "ನಾನು ನಿಜವಾಗ್ಲೂ ಅಷ್ಟೊಂದು ಮೂಗಲ್ಲಿ ಮಾತಾಡ್ತೀನಾ?"