ನೀಲಕ್ಕನ ಬೆರಳು ಮತ್ತು ಕರಗುವ ಹಿಮ

ಹಿಮ ಕರಗಿದರೆ ಒಳ್ಳೆಯದು ಎಂದು ಹೇಳುವ ಕಥೆಯಲ್ಲ ಇದು... ಅರ್ಧ ಓದಿ ಫಾರ್ವರ್ಡ್ ಮಾಡಬೇಡಿ.

ಪ್ರಭುಲಿಂಗ ಸಮುದ್ರ ವಿಜ್ಞಾನಿ. ಗೋವಾದಲ್ಲಿ ಕೆಲಸ. ಒಮ್ಮೆ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದವನು.

ಈಗ ಮತ್ತೆ ಅವಕಾಶ ಬಂದಿತ್ತು... ಹೋದರೆ ಒಂದು ವರ್ಷ ಅಲ್ಲೇ. ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕು.

ಹೆಂಡತಿ ನರ್ಸ್, ಶಿಫ್ಟ್ ಡ್ಯೂಟಿ. ಇಬ್ಬರು ಚಿಕ್ಕ ಮಕ್ಕಳನ್ನು ಯಾರ ಬಳಿ ಬಿಡುವುದು?

ಇನ್ಯಾರು... ಗದಗಿನಲ್ಲಿ ರೊಟ್ಟಿ ಕೇಂದ್ರ ನಡೆಸುವ ಅವನ ಅಕ್ಕ, ನೀಲಕ್ಕ. ಅಪ್ಪ, ಅವ್ವ ತೀರಿಹೋದ ಮೇಲೆ ರೊಟ್ಟಿ ಬಡಿದೇ ಇವನನ್ನು ಓದಿಸಿದವಳು. ಒಮ್ಮೆಯೂ "ಆಗೂದಿಲ್ಲ" ಎಂದವಳಲ್ಲ.

ಕೇಳಲೆಂದೇ ಬಂದವನಿಗೆ ಬೆಳಗ್ಗೆಯಿಂದ ಬಾಯೇ ಬರುತ್ತಿಲ್ಲ. ಕೂರುತ್ತಾನೆ... ಏಳುತ್ತಾನೆ... ಫೋನ್ ನೋಡುತ್ತಾನೆ.

"ಯಾಕೋ ತಮ್ಮಾ, ಕುಂತಲ್ಲಿ ಕುಂದ್ರವಲ್ಲಿ?" ಎಂದಳು ಅಕ್ಕ. ಅವಳ ಕೈ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಮಾತು ತೆಗೆಯಲು ಅವನು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ.

"ನೋಡಕ್ಕಾ, ಇದು ಹಿಮನದಿ. ನಮ್ಮ ಬೀಸುಕಲ್ಲು ಇದ್ದಂಗ. ಗುಡ್ಡದ ಮ್ಯಾಲೆ ಸರಕೋತ ಕಲ್ಲನ್ನ ಹಿಟ್ಟು ಮಾಡತೈತಿ. ಅದರಾಗ ಕಬ್ಬಿಣದ ಅಂಶ ಇರತೈತಿ."

"ಹಿಮ ಕರಗಿದಾಗ ಆ ಹಿಟ್ಟು ಸಮುದ್ರ ಸೇರತೈತಿ. ಅದರ ಸಾರದಿಂದ ಕಣ್ಣಿಗೆ ಕಾಣದಂಥ ಸಸಿ ಬೆಳಿತಾವು. ಅವನ್ನ ತಿಂದು ಸೀಗಡಿಯಂಥ ಜೀವ, ಅದನ್ನ ತಿಂದು ತಿಮಿಂಗಿಲ..."

"ಥೇಟ್ ನಿನ್ನಂಗ ಅಕ್ಕಾ. ನೀ ಕರಗಿದಿ, ನಾವು ಬೆಳದ್ವಿ."

ಇದೇ ಸರಿಯಾದ ಹೊತ್ತು, ಕೇಳಿಬಿಡೋಣ ಎಂದುಕೊಂಡ. ಅಷ್ಟರಲ್ಲಿ ಅಕ್ಕನೇ ಕೇಳಿದಳು.

"ಕರಗಿದ್ದು ಮತ್ತ ಹೆಪ್ಪುಗಟ್ಟತೈತೇನೋ?"

"ಹೊಸಾ ಹಿಮ ಬೀಳತೈತಿ... ಆದ್ರ ಈಗ ಕರಗೋದು ಅದಕ್ಕಿಂತ ಜೋರು ಐತಿ."

"ಹಂಗಾದ್ರ ಆ ತಿಮಿಂಗಿಲಕ್ಕ ಇದು ಗೊತ್ತೈತೇನು?"

ಪ್ರಭುಲಿಂಗ ವಿಡಿಯೊ ನಿಲ್ಲಿಸಿ ಫೋನನ್ನು ಜೇಬಿಗೆ ಹಾಕಿದ.

"ಇರಲಿ ಬಿಡು. ನಡಿ, ರೇಷನ್ ತರೋದೈತಿ" ಎಂದು ಅಕ್ಕ ಚೀಲ ಹಿಡಿದು ಹೊರಟಳು. ಕೇಳಬೇಕಾದದ್ದನ್ನು ಕೇಳದೆಯೇ ಇವನೂ ಹಿಂದೆ ನಡೆದ.

ಅಂಗಡಿಯಲ್ಲಿ ಅಕ್ಕ ಮಷಿನ್ ಮೇಲೆ ಹೆಬ್ಬೆಟ್ಟು ಇಟ್ಟಳು... ಕೆಂಪು ಲೈಟು.

ಇನ್ನೊಂದು ಬೆರಳು... ಮತ್ತೆ ಕೆಂಪು.

"ಬೆರಳು ತಗೊಳ್ಳವಲ್ದು ನೀಲಕ್ಕಾ. ಗೆರೀನ ಉಳದಿಲ್ಲ. ಓಟಿಪಿ ಹೇಳ್ರಿ" ಎಂದ ಅಂಗಡಿಯವನು. ಅವನಿಗೆ ಇದು ಹೊಸದಲ್ಲ.

ಪ್ರಭುಲಿಂಗ ಅಕ್ಕನ ಕೈಯನ್ನು ಬೆಳಕಿಗೆ ಹಿಡಿದ. ಕಾದ ಹಂಚು ಮುಟ್ಟಿ ಮುಟ್ಟಿ, ರೊಟ್ಟಿ ಬಡಿದು ಬಡಿದು, ಬೆರಳ ತುದಿಗಳೆಲ್ಲ ನುಣ್ಣಗೆ ಸವೆದಿದ್ದವು.

ಧ್ರುವದ ನೀರಿನ ಒಂದೊಂದು ಹನಿಯನ್ನೂ ಪರೀಕ್ಷಿಸಿದವನು ಈ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಿಂದ ಅವನ ತಲೆ ತಗ್ಗಿತು.

"ಯಾವಾಗಿಂದ ಹಿಂಗಕ್ಕಾ?"

"ಯಾರಿಗ್ಗೊತ್ತೋ... ನೋಡಿದವರ್ಯಾರು?"

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಮನೆ ಮುಟ್ಟಿದ ಮೇಲೆ ಅಕ್ಕನೇ ಅಂದಳು, "ಏನೋ ಕೇಳಾಕ ಬಂದೀಯಲ್ಲ, ಕೇಳಿಬಿಡು. ನಾ ಆಗೂದಿಲ್ಲ ಅಂತೀನೇನು?"

ಅವನ ಕಣ್ಣು ತುಂಬಿತು... ಕೇಳಬೇಕೆಂದಿದ್ದ ಮಾತು ಬರಲಿಲ್ಲ. ಬೇರೆ ಮಾತು ಬಂತು.

"ನಿನಗ ಏನ್ ಬೇಕಕ್ಕಾ?"

ಹಿಟ್ಟು ಕಲಸುತ್ತಿದ್ದ ಕೈ ನಿಂತಿತು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲೇ ಇಲ್ಲ.

ಮೆಲ್ಲಗೆ ಅಂದಳು, "ಬ್ಯಾರೆ ಯಾರರ ಬಡದ ಬಿಸಿ ರೊಟ್ಟಿ... ಒಮ್ಮೆ ಕುಂತು ಉಣಬೇಕು ಅನಸತೈತಿ."

ಅವನು ಎದ್ದು ಹೊರಗೆ ಹೋದ. ಆಫೀಸಿಗೆ ಫೋನ್ ಮಾಡಿ, "ಈ ವರ್ಷ ಬೇರೆಯವರನ್ನು ಕಳಿಸಿ ಸರ್" ಎಂದ. ಇಂಥ ಅವಕಾಶ ಮತ್ತೆ ಸಿಗುತ್ತದೋ ಇಲ್ಲವೋ... ಆದರೂ ಹೇಳಿದ.

ಒಳಗೆ ಬಂದು ಅಕ್ಕನನ್ನು ಎಬ್ಬಿಸಿ, ಅವಳ ಜಾಗದಲ್ಲಿ ತಾನು ಕೂತ.

ಮೊದಲನೇ ರೊಟ್ಟಿ ಹರಿಯಿತು. ಎರಡನೆಯದು ಹೊತ್ತಿತು. ಮೂರನೆಯದು ಹೇಗೋ ತಟ್ಟೆಗೆ ಬಂತು.

ಅಕ್ಕ ಶೇಂಗಾ ಚಟ್ನಿ ಹಚ್ಚಿಕೊಂಡು, ಒಂದೊಂದೇ ತುತ್ತು ತಿಂದಳು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು.

"ಭಾಳ ದಪ್ಪ ಆಗೇತಿ..." ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟೆ ಮುಂದೆ ಚಾಚಿದಳು. "ಇನ್ನೊಂದು ಹಾಕು."

ನಮಗಾಗಿ ಕರಗುವವರನ್ನು ಹೊಗಳಿದರೆ ಸಾಲದು, ಅವರು ಇನ್ನೆಷ್ಟು ಉಳಿದಿದ್ದಾರೆ ಎಂದು ನೋಡಬೇಕು.

ನಿಮಗಾಗಿ ಸವೆದ ಕೈಯೊಂದು ನಿಮ್ಮ ಮನೆಯಲ್ಲೂ ಇದೆಯಲ್ಲ... ಅದನ್ನು ಹಿಡಿದು, "ನಿನಗೇನು ಬೇಕು?" ಎಂದು ನೀವು ಕೇಳಿದ್ದು ಯಾವಾಗ?