ತಡವಾಗಿ ಬಂದ ದನಿ

"ತಪ್ಪು ತಿಳ್ಕೋಬೇಡಿ ಅಮ್ಮಾ, ತಾಳ ನಿಮ್ಮನ್ನ ಬಿಟ್ಟು ಹೋಗಿದೆ. ಇನ್ನು ಮನೇಲಿ ಮೊಮ್ಮಕ್ಕಳಿಗೆ ಜೋಗುಳ ಹಾಡ್ಕೊಂಡಿರಿ," ಎಂದು ಸ್ಟುಡಿಯೋ ಯಜಮಾನ ಮೈಕಿನಲ್ಲೇ ಹೇಳಿಬಿಟ್ಟ. ಗಾಜಿನಾಚೆ ಹಾಡುವ ಕೋಣೆಯಲ್ಲಿ ನಿಂತಿದ್ದ ದೊಡ್ಡಮ್ಮನಿಗೂ ಕೇಳಿತು, ಈಚೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಾಲ್ವರಿಗೂ ಕೇಳಿತು. ಅವರಲ್ಲೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ದೊಡ್ಡಮ್ಮನ ಮುಖ ಸುಣ್ಣವಾಯಿತು. ಕಾಯಿಲೆ ಬಿದ್ದು ಒಂದು ವರ್ಷ ಹಾಡು ಬಿಟ್ಟವಳು. ಅವಳ ಹಳೆಯ ಗಾಯನ ತಂಡದವರು, ಸಂಜೆಯೊಳಗೆ ಒಂದು ಹಾಡು ರೆಕಾರ್ಡ್ ಮಾಡಿ ಕಳಿಸಿ, ಕೇಳಿ ನೋಡಿ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಮನೆಯಿಂದ ಹೊರಡುವಾಗಲೇ ಅವಳು ಹೇಳಿದ್ದಳು: "ಇವತ್ತು ಆಗ್ಲಿಲ್ಲ ಅಂದ್ರೆ ಇನ್ನು ಹಾಡೋಕೆ ಬಾಯಿ ತೆರೆಯಲ್ಲ ಕಣೋ." ಅವಳು ಒಮ್ಮೆ ಹೇಳಿದಳೆಂದರೆ ಮುಗಿಯಿತು, ಅಷ್ಟೇ.

ಕರೆದುಕೊಂಡು ಬಂದಿದ್ದವನು ಅವಳ ತಂಗಿಯ ಮಗ. ಸ್ಟುಡಿಯೋ ಇದ್ದ ಬೀದಿಯಲ್ಲೇ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಮನೆಯವರೆಲ್ಲ ಅವನನ್ನು ಸಿಡುಕ ಎಂದೇ ಕರೆಯುತ್ತಿದ್ದರು. ಅವನು ಎದ್ದು ನಿಂತ.

"ಸಾರ್, ತಾಳ ಎಲ್ಲೂ ಹೋಗಿಲ್ಲ. ಹಾಡ್ವಾಗ ಅವಳ ಕಾಲು ನೋಡಿದ್ರಾ? ಡ್ರಮ್ಮಿಗೆ ಸರಿಯಾಗೇ ಕುಟ್ತಿತ್ತು."

"ಕಾಲು ನೋಡಿ ರೆಕಾರ್ಡಿಂಗ್ ಮಾಡ್ತಾರೇನಯ್ಯಾ? ಒಂಬತ್ತನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವನು, ಇಪ್ಪತ್ತು ವರ್ಷದಿಂದ ಈ ಕುರ್ಚೀಲಿ ಕೂತೋನಿಗೆ ಪಾಠ ಹೇಳ್ತೀಯಾ?"

ಈ ಸಲ ಬೆಂಚು ಕೈ ಅಡ್ಡ ಹಿಡಿಯದೆಯೇ ನಕ್ಕಿತು. ಸಿಡುಕನ ಕೈ ತಾನಾಗಿ ಮುಷ್ಟಿಯಾಯಿತು. ಆದರೆ ಇಲ್ಲಿ ಜಗಳ ತೆಗೆದರೆ ತನಗೆ ಹೋಗುವುದೇನೂ ಇಲ್ಲ, ಹೋಗುವುದು ದೊಡ್ಡಮ್ಮನ ಹಾಡು. ಹಲ್ಲು ಕಚ್ಚಿಕೊಂಡು ಸೀದಾ ಹಾಡುವ ಕೋಣೆಗೆ ಹೋದ, ಅವಳ ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡ, ಮೈಕಿನ ಮುಂದೆ ಒಂದೇ ಒಂದು ಚಪ್ಪಾಳೆ ಹೊಡೆದ. ಚಪ್ಪಾಳೆ ಮೊದಲು ಕೈಯಲ್ಲಾಯಿತು. ಕಣ್ಣು ಮಿಟುಕಿಸುವಷ್ಟು ತಡೆದು ಕಿವಿಯಲ್ಲಾಯಿತು.

"ನಿನ್ನ ದನಿ ಕುಂಟ್ಕೊಂಡು ನಿನ್ನ ಹಿಂದೆ ಬರ್ತಿದೆ ದೊಡ್ಡಮ್ಮ. ಅದು ಬರ್ಲಿ ಅಂತ ನೀನು ಪ್ರತಿ ಸಾಲಿಗೂ ನಿಂತು ಕಾಯ್ತಿದ್ದೀಯ."

"ಹೌದು ಕಣೋ! ಯಾರೋ ಹಿಂದೆ ನಿಂತು ಅಣಕಿಸಿದ ಹಾಗಿತ್ತು. ಕಾಯಿಲೆ ತಲೆಗೂ ಏರಿಬಿಡ್ತೇನೋ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ."

ಸಿಡುಕ ಗಾಜಿನತ್ತ ತಿರುಗಿದ. "ಸಾರ್, ಹಾಡೋರ ಹೆಡ್‌ಫೋನ್ ನೀವು ಯಾವತ್ತಾದ್ರೂ ಹಾಕ್ಕೊಂಡು ನೋಡಿದ್ದೀರಾ?"

"ನಾನ್ಯಾಕೆ ಹಾಕ್ಕೊಳ್ಲಿ? ನಾನೇನು ಹಾಡ್ತೀನಾ?"

"ನೀವು ರೆಕಾರ್ಡ್ ಮಾಡೋ ಈ ಲ್ಯಾಪ್‌ಟಾಪ್ ಹೊಸದಲ್ವಾ?"

"ಮೂರು ವಾರ ಆಯ್ತು. ಅದಕ್ಕೇನೀಗ?"

"ಮೈಕೂ ಹೆಡ್‌ಫೋನೂ ಸಿಕ್ಕಿಸಿರೋ ಈ ಸೌಂಡ್ ಪೆಟ್ಟಿಗೆಯ ಡ್ರೈವರ್ ಅದಕ್ಕೆ ಹಾಕಿದ್ರಾ?"

"ವೈರು ಚುಚ್ಚಿದ ಕೂಡ್ಲೇ ತಾನೇ ಕೆಲಸ ಮಾಡ್ತು. ಮತ್ತೇನು ಹಾಕೋದು? ಸಾಕು, ಮುಂದಿನವರು ಬನ್ನಿ!"

"ಹತ್ತು ನಿಮಿಷ ಕೊಡಿ ಸ್ವಾಮಿ," ಎಂದು ದೊಡ್ಡಮ್ಮ ಮೈಕಿನಲ್ಲೇ ಹೇಳಿದಳು. "ನಿಮ್ಮ ಜೋಗುಳ ಎಲ್ಲೂ ಓಡಿ ಹೋಗಲ್ಲ." ಬೆಂಚಿಗೆ ಈಗ ಯಜಮಾನನ ಮೇಲೆ ನಗು ಬಂತು. ಅವನು ಗೊಣಗುತ್ತ ಕುರ್ಚಿ ಬಿಟ್ಟ.

ಡ್ರೈವರ್ ಅಂದರೆ ಲ್ಯಾಪ್‌ಟಾಪಿಗೂ ಸೌಂಡ್ ಪೆಟ್ಟಿಗೆಗೂ ನಡುವಿನ ದುಭಾಷಿ. ಲ್ಯಾಪ್‌ಟಾಪಿನ ಜೊತೆ ಪುಕ್ಕಟೆ ಬಂದಿದ್ದ ದುಭಾಷಿ ಸೋಮಾರಿ, ಒಂದು ರಾಶಿ ಸದ್ದು ಕೂಡುವ ತನಕ ಮುಂದಕ್ಕೆ ದಾಟಿಸುತ್ತಿರಲಿಲ್ಲ. ಸಿಡುಕ ಪೆಟ್ಟಿಗೆ ಮಾಡಿದವರದೇ ಡ್ರೈವರ್ ಇಳಿಸಿ ಹಾಕಿದ, ಎರಡು ಸಾವಿರದ ಮೇಲಿದ್ದ ಬಫರನ್ನು, ಅಂದರೆ ಆ ರಾಶಿಯ ಅಳತೆಯನ್ನು, ನೂರಿಪ್ಪತ್ತೆಂಟಕ್ಕೆ ತಂದ. ಒಳಗೆ ಹೋಗಿ ಚಪ್ಪಾಳೆ ಹೊಡೆದ. ಕೈಗೂ ಕಿವಿಗೂ ಒಂದೇ ಏಟು. ಆದರೆ ಅದರ ಬೆನ್ನಿಗೇ ಒಗ್ಗರಣೆ ಸಿಡಿದಂತೆ ಚಟಪಟ ಸದ್ದು ಶುರುವಾಯಿತು.

"ಕೆಡಿಸಿದೆಯಲ್ಲೋ!" ಯಜಮಾನ ತಲೆ ಮೇಲೆ ಕೈ ಹೊತ್ತ.

ಸಿಡುಕ ಓಡಿ ಬಂದು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತ. ಬಫರ್ ಮತ್ತೆ ಏರಿಸಿದರೆ ಸಿಡಿತ ನಿಲ್ಲುತ್ತದೆ, ದನಿ ಮತ್ತೆ ಕುಂಟುತ್ತದೆ. ಲ್ಯಾಪ್‌ಟಾಪಿನೊಳಗೆ ಯಾವ ಡ್ರೈವರ್ ಎಷ್ಟು ಹೊತ್ತು ಸದ್ದಿನ ದಾರಿ ಕಟ್ಟುತ್ತಿದೆಯೆಂದು ಒಂದೊಂದಾಗಿ ನೋಡಿದ. ವೈಫೈನದು ಸಿಕ್ಕಿಬಿತ್ತು, ಕ್ಷಣಕ್ಕೊಮ್ಮೆ ನಡುವೆ ಬಾಯಿ ಹಾಕುತ್ತಿತ್ತು. ಅದರ ಬಾಯಿ ಮುಚ್ಚಿಸಿದ. ಸದ್ದಡಗಿತು.

ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡು, ಬಿಸಿನೀರಿಗೆ ಕಾಲಿಡುವವಳಂತೆ ಮೊದಲ ಸಾಲು ಹಾಡಿದಳು. ಎರಡನೆಯದಕ್ಕೆ ಕಾಯಲಿಲ್ಲ. ಮೂರನೆಯದಕ್ಕೆ ಕಣ್ಣು ಮುಚ್ಚಿದಳು. ಡ್ರಮ್ಮಿನ ಏಟೂ ಅವಳ ದನಿಯೂ ಸಂತೆಗೆ ಹೊರಟ ಗೆಳತಿಯರ ಹಾಗೆ ಕೈ ಕೈ ಹಿಡಿದು ಹೋದವು. ಹಾಡು ಮುಗಿಯಿತು.

ಅವಳು ಹೊರಗೆ ಬಂದು ಸಿಡುಕನ ತೋಳು ಹಿಡಿದುಕೊಂಡಳು. "ತಾಳ ಇತ್ತು ಕಣೋ, ನನ್ನ ಹತ್ರಾನೇ ಇತ್ತು!" ಎಂದಳು. ನಗುತ್ತಿದ್ದಳು, ಕಣ್ಣೀರೂ ಇಳಿಯುತ್ತಿತ್ತು. ಸಿಡುಕ ವೈಫೈ ಎಬ್ಬಿಸಿ ಹಾಡು ಕಳಿಸಿದ. ಐದು ನಿಮಿಷದಲ್ಲಿ ತಂಡದಿಂದ ಉತ್ತರ ಬಂತು: ಭಾನುವಾರ ಬೆಳಿಗ್ಗೆ ಅಭ್ಯಾಸ, ತಪ್ಪಿಸಬೇಡಿ.

ಯಜಮಾನ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಹಾಡುವ ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡು, ತಾನೇ ಒಂದೊಂದು ಚಪ್ಪಾಳೆ ಹೊಡೆದು ನೋಡುತ್ತಿದ್ದ. ಕೊನೆಗೆ ಬಾಗಿಲಿಗೆ ಬಂದ.

"ಈ ಮೂರು ವಾರದಲ್ಲಿ ಹನ್ನೊಂದು ಜನಕ್ಕೆ ತಾಳ ಇಲ್ಲ ಅಂತ ಹೇಳಿ ವಾಪಸ್ ಕಳಿಸಿದ್ದೀನಯ್ಯಾ," ಎಂದ. ದನಿ ಇಳಿದಿತ್ತು. "ಅವರಲ್ಲಿ ಯಾರಿಗೆ ನಿಜವಾಗ್ಲೂ ಇರ್ಲಿಲ್ಲ?"

ಸಿಡುಕ ದೊಡ್ಡಮ್ಮನ ಚೀಲ ಎತ್ತಿಕೊಂಡು ಮೆಟ್ಟಿಲಿಳಿದ.