ಕೆಂಚನ ಒಪ್ಪಿಗೆ

ಮತ್ತೊಂದು ಚೊಂಬು ನೀರೂ ಖಾಲಿಯಾಯಿತು. ಟಗರು ಮೈ ಒದರಲಿಲ್ಲ.

ಮ್ಯಾನೇಜರ್ ಸಾಹೇಬರು ಬೆವರು ಒರೆಸಿಕೊಂಡರು. ತಾಮ್ರ ಕರಗಿಸುವ ಕಾರ್ಖಾನೆಯಲ್ಲಿ ಉಳಿಯುವ ಕಸವಾದ ಕಿಟ್ಟವನ್ನು, ಮದಕರಿಪುರದ ದನಕುರಿ ನೀರು ಕುಡಿಯುವ ಗೋಕಟ್ಟೆಯ ಮೇಲಿನ ದಿಬ್ಬದಲ್ಲಿ ಸುರಿಯುವುದಕ್ಕೆ ಊರನ್ನು ಒಪ್ಪಿಸಲು ಬಂದವರು ಅವರು. ಹೋದ ಮಳೆಗಾಲದಲ್ಲಿ ಹಳೆಯ ಕಿಟ್ಟದ ಗುಡ್ಡೆಯಿಂದ ಆರ್ಸೆನಿಕ್ ವಿಷ ಹಳ್ಳಕ್ಕಿಳಿದು, ಆ ನೀರು ಕುಡಿದ ಕುರಿಗಾರ್ತಿ ಕಾಟಮ್ಮನ ಮರಿಗಳು ಸತ್ತಿದ್ದವು. ಊರವರು ಆ ಮಾತೆತ್ತಿದಾಗಲೆಲ್ಲ ಸಾಹೇಬರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು. ಕೊನೆಗೆ ತಾವೇ ಒಂದು ಉಪಾಯ ತೆಗೆದರು.

"ನಿಮ್ಮ ಮಾರಮ್ಮನನ್ನೇ ಕೇಳೋಣ. ಆಕೆ ಹೇಳಿದಂತೆ ಆಗಲಿ."

ಪದ್ಧತಿಯನ್ನು ಅವರಿಗೆ ಡ್ರೈವರ್ ಹೇಳಿಕೊಟ್ಟಿದ್ದ. ಅಮ್ಮನ ಮುಂದೆ ಟಗರು ನಿಲ್ಲಿಸಿ ತಲೆಗೆ ನೀರು ಹಾಕಬೇಕು. ಅದು ಮೈ ಒದರಿ ನೀರು ಕೊಡವಿಕೊಂಡರೆ ಅಮ್ಮನ ಒಪ್ಪಿಗೆ. ಕಿವಿಗೆ ನೀರು ಹೊಕ್ಕರೆ ಮೈ ಒದರದ ಕುರಿ ಎಲ್ಲಿದೆ? ಸಾಹೇಬರು ದಾರಿಯುದ್ದಕ್ಕೂ ನಕ್ಕಿದ್ದರು.

ಟಗರು ಕೊಟ್ಟವಳು ಕಾಟಮ್ಮನೇ. ಅವಳ ಗಂಡ ಜಂಪಣ್ಣನಿಗೆ ಹೊಸ ಕಿಟ್ಟದ ಗುಡ್ಡೆಯ ವಾಚ್‌ಮನ್ ಕೆಲಸ ಸಿಗುವುದಿತ್ತು. ಬೆಳಿಗ್ಗೆಯಿಂದ ಅವಳು ಟಗರಿನ ಪಕ್ಕದಲ್ಲೇ ಉಣ್ಣೆ ನೂಲುತ್ತ, ಅದರ ತಲೆ ಸವರುತ್ತ ಕುಳಿತಿದ್ದಳು. 'ಮರಿ ಕಳಕೊಂಡವಳೇ ಸಾಹೇಬರ ಕಡೆ ವಾಲಿದಳಲ್ಲ' ಎಂದು ಹೆಂಗಸರು ಮೂಗು ಮುರಿದರು.

"ಒದರೋ ಲೇ ಕೆಂಚ! ಸಾಹೇಬ್ರು ಕಾಯ್ತಾ ಅವ್ರೆ!" ಕಾಟಮ್ಮ ಟಗರಿನ ಬೆನ್ನಿಗೆ ಗುದ್ದಿದಳು.

"ಏನಮ್ಮ ಇದು ನಿನ್ನ ಟಗರು?" ಎಂದರು ಸಾಹೇಬರು.

"ಏನ್ ಮಾಡಾದು ಸ್ವಾಮಿ, ಇವತ್ತು ಯಾರ ಮಾತೂ ಕಿವಿಗೆ ಹಾಕ್ಕಳ್ತಿಲ್ಲ."

ಸಾಹೇಬರು ತಮಟೆ ಬಡಿಸಿದರು. ಡ್ರೈವರ್ ಜೀಪನ್ನು ಟಗರಿನ ಹಿಂದೆಯೇ ತಂದು ಹಾರನ್ ಒತ್ತಿದ. ಪೂಜಾರಿ ಅಂಜನಪ್ಪ ಬೆಚ್ಚಿ ಆರತಿ ತಟ್ಟೆ ಬೀಳಿಸಿದ. ಕೆಂಚ ಮೆಲುಕು ಹಾಕುತ್ತಲೇ ಇತ್ತು.

ಸಾಹೇಬರು ಕೊಡವನ್ನೇ ಎತ್ತಿ, ಟಗರಿನ ಕಿವಿಗೆ ಗುರಿಯಿಟ್ಟು ಸುರಿದರು. ಅರ್ಧ ಟಗರಿಗೆ, ಅರ್ಧ ಅವರ ಪ್ಯಾಂಟಿಗೆ. ಒದರಿಕೊಂಡವರು ಸಾಹೇಬರೊಬ್ಬರೇ.

"ಅಮ್ಮ ಒಪ್ಪಲಿಲ್ಲ ಬಿಡ್ರಿ," ಎಂದ ಅಂಜನಪ್ಪ.

ಊರೆದುರು ಆಡಿದ ಮಾತು, ನುಂಗುವಂತಿರಲಿಲ್ಲ. ಕಿಟ್ಟವನ್ನು ಕಾರ್ಖಾನೆಯ ಕಾಂಪೌಂಡಿನಲ್ಲೇ ಸಿಮೆಂಟ್ ಗುಂಡಿ ಕಟ್ಟಿ ಮುಚ್ಚುತ್ತೇವೆಂದು ಹೇಳಿ ಸಾಹೇಬರು ಒದ್ದೆ ಪ್ಯಾಂಟಿನಲ್ಲೇ ಜೀಪು ಹತ್ತಿದರು.

"ನನ್ ಕೆಲ್ಸ ಹೋತಲ್ಲೇ!" ಜಂಪಣ್ಣ ತಲೆ ಮೇಲೆ ಕೈಹೊತ್ತು ಕುಳಿತ.

"ಕುರಿ ಉಳಿದ್ರೆ ಕೆಲ್ಸಕ್ಕೇನು ಬರ? ಏಳು, ಮನೆಗೆ ಹೋಗಾಣ," ಎಂದಳು ಕಾಟಮ್ಮ.

ಜೀಪಿನ ಧೂಳು ಅಡಗುವವರೆಗೆ ಕಾದು, ಬೆಳಿಗ್ಗೆ ಕೆಂಚನ ಎರಡೂ ಕಿವಿಗೆ ತಾನೇ ತುರುಕಿದ್ದ ಉಣ್ಣೆಯ ಉಂಡೆಗಳನ್ನು ಅವಳು ಎಳೆದು ತೆಗೆದಳು. ಕೆಂಚ ಮೈ ಒದರಿದ ರಭಸಕ್ಕೆ ಪೂಜಾರಿ ಪೂರ್ತಿ ನೆನೆದ.